ಆರ್1ಎ ಅಂದ ಕೂಡಲೇ ಸ್ಲಾವ್ ಅಲ್ಲ: ಅಪ್ಪನ ಕಡೆಯ ಡಿಎನ್‌ಎ ಮತ್ತು ಒಂದು ಮಹಾವಲಸೆ

ಆರನೇ ಶತಮಾನಕ್ಕೆ ಮುಂಚಿನ ಗ್ರೀಕ್, ಲ್ಯಾಟಿನ್ ಬರಹಗಳಲ್ಲಿ ಸ್ಲಾವ್ ಜನರ ಹೆಸರು ಹುಡುಕಿದರೆ ಖಚಿತವಾಗಿ ಏನೂ ಸಿಗುವುದಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಎಲ್ಲೆಲ್ಲೂ ಅವರದೇ ಸುದ್ದಿ. 551ರ ಹೊತ್ತಿಗೆ ಇತಿಹಾಸಕಾರ ಜೋರ್ಡಾನೆಸ್ ಅವರನ್ನು ಹೆಸರಿಸಿ ಬರೆಯುತ್ತಾನೆ. ಅದೇ ಕಾಲದ ಬೈಜಾಂಟಿಯಂ (ಪೂರ್ವ ರೋಮನ್ ಸಾಮ್ರಾಜ್ಯ) ಇತಿಹಾಸಕಾರ ಪ್ರೊಕೋಪಿಯಸ್ ಅವರ ಬಗ್ಗೆ ಇನ್ನೂ ವಿವರ ಕೊಡುತ್ತಾನೆ. ಒಂದಕ್ಕೊಂದು ದೂರದೂರ ಇರುವ ಬಡ ಗುಡಿಸಲುಗಳಲ್ಲಿ ಇವರ ವಾಸ, ಇವರನ್ನು ಆಳುವ ಒಬ್ಬ ರಾಜ ಅಂತ ಇಲ್ಲ, ಎಲ್ಲವನ್ನೂ ಕೂಡಿ ಮಾತಾಡಿ ತೀರ್ಮಾನಿಸುತ್ತಾರೆ ಎನ್ನುತ್ತಾನೆ. ಇವರು ನದಿಯ ನೀರಿನೊಳಗೆ ಮಲಗಿ, ಜೊಂಡಿನ ಕೊಳವೆಯಲ್ಲಿ ಉಸಿರಾಡುತ್ತಾ ಅಡಗಿರುತ್ತಾರೆ ಎಂದು ಆ ಸಾಮ್ರಾಜ್ಯದ ಒಂದು ಯುದ್ಧ ಕೈಪಿಡಿ ಸೈನಿಕರಿಗೆ ಎಚ್ಚರಿಕೆ ಕೊಡುತ್ತದೆ. 626ರಲ್ಲಿ ಅವಾರ್ ಎಂಬ ಅಲೆಮಾರಿ ಕುದುರೆಸವಾರರ ಪಡೆಯ ಜೊತೆ ಸೇರಿ ಇವರು ಆ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ಗೇ ಮುತ್ತಿಗೆ ಹಾಕಿದರು.

ಇವತ್ತು ಸ್ಲಾವಿಕ್ ಭಾಷೆಗಳನ್ನಾಡುವವರು ಸುಮಾರು 30 ಕೋಟಿ. ಪೋಲಿಷ್, ಚೆಕ್, ಉಕ್ರೇನಿಯನ್, ರಷ್ಯನ್, ಸರ್ಬಿಯನ್, ಬಲ್ಗೇರಿಯನ್ ಎಲ್ಲ ಒಂದೇ ಮನೆತನದ ಮಾತುಗಳು. ಇಷ್ಟು ದೊಡ್ಡ ಹರಡುವಿಕೆ ಹೇಗಾಯಿತು? ಜನರೇ ಎದ್ದು ಹೊರಟು ಹೊಸ ಊರುಗಳಲ್ಲಿ ನೆಲೆಸಿದರಾ? ಅಥವಾ ಅಲ್ಲಲ್ಲೇ ಇದ್ದ ಹಳೆಯ ಜನ ಹೊಸ ಭಾಷೆ, ಹೊಸ ಹೆಸರು ಹಿಡಿದರಾ? ನೂರು ವರ್ಷ ಈ ಜಗಳ ನಡೆಯಿತು. 2025ರ ಸೆಪ್ಟೆಂಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಇದಕ್ಕೆ ದೊಡ್ಡ ಮಟ್ಟದ ಉತ್ತರ ಕೊಟ್ಟಿತು. ಹಳೆಯ ಸಮಾಧಿಗಳಿಂದ ತೆಗೆದ 555 ಜನರ ಡಿಎನ್‌ಎ ಓದಿದ ತಂಡ, ಆರರಿಂದ ಎಂಟನೇ ಶತಮಾನದ ನಡುವೆ ನಿಜಕ್ಕೂ ದೊಡ್ಡ ವಲಸೆ ನಡೆದಿದೆ ಎಂದಿತು. ಪೂರ್ವ ಜರ್ಮನಿ, ಪೋಲೆಂಡ್, ಕ್ರೊಯೇಷಿಯಾ ಭಾಗಗಳಲ್ಲಿ ಆಗಿನ ಜನರ ವಂಶವಾಹಿಯ ಶೇ 80ಕ್ಕಿಂತ ಜಾಸ್ತಿ ಪಾಲು ಹೊರಗಿನಿಂದ ಬಂದವರದ್ದು.

ಸುದ್ದಿ ಬಂದ ಮೇಲೆ, ಎಂಜಲು ಕೊಟ್ಟು ಡಿಎನ್‌ಎ ಟೆಸ್ಟ್ ಮಾಡಿಸಿದವರೆಲ್ಲ ತಮ್ಮ ರಿಪೋರ್ಟ್ ತೆಗೆದು ನೋಡತೊಡಗಿದರು. ಅದರಲ್ಲಿ ಅಪ್ಪನ ಕಡೆಯ ಡಿಎನ್‌ಎ ಗುಂಪಿನ ಹೆಸರು ‘ಆರ್1ಎ’ ಅಂತ ಇದ್ದರೆ ‘ನಾನು ಸ್ಲಾವ್’ ಎನ್ನುವ ತೀರ್ಮಾನ. ‘ಐ2ಎ’ ಅಂತ ಇದ್ದರೆ ‘ನಾನು ಬಾಲ್ಕನ್ನಿನ (ಆಗ್ನೇಯ ಯುರೋಪಿನ) ಮೂಲನಿವಾಸಿ’ ಎನ್ನುವ ಹೆಮ್ಮೆ. ಈ ಎರಡೂ ತೀರ್ಮಾನ ತಪ್ಪು. ತಪ್ಪು ಎಲ್ಲಿದೆ ಎಂದು ತಿಳಿದರೆ, ಅಪ್ಪನ ಕಡೆಯ ಡಿಎನ್‌ಎ ನಿಜವಾಗಿ ಏನು ಹೇಳಬಲ್ಲದು ಎಂಬುದೂ ಗೊತ್ತಾಗುತ್ತದೆ.

ಒಂದೇ ಒಂದು ಎಳೆ

ವೈ ಕ್ರೋಮೋಸೋಮ್ ಗಂಡಸರಲ್ಲಿ ಮಾತ್ರ ಇರುತ್ತದೆ. ಅಪ್ಪನಿಂದ ಮಗನಿಗೆ ಬರುತ್ತದೆ, ಅವನಿಂದ ಅವನ ಮಗನಿಗೆ. ಉಳಿದ ಕ್ರೋಮೋಸೋಮ್‌ಗಳು ಪ್ರತಿ ತಲೆಮಾರಿನಲ್ಲೂ ಅಮ್ಮನ ಪಾಲು, ಅಪ್ಪನ ಪಾಲು ಸೇರಿ ಕಲಸಿಹೋಗುತ್ತವೆ. ವೈ ಮಾತ್ರ, ತುದಿಯ ಸಣ್ಣ ಭಾಗ ಬಿಟ್ಟರೆ, ಕಲಸದೆ ಇಡಿಯಾಗಿ ಸಾಗುತ್ತದೆ. ಅದರಲ್ಲಿ ಸುಮಾರು 6.2 ಕೋಟಿ ಅಕ್ಷರಗಳಿವೆ. ಮೊದಲಿನಿಂದ ಕೊನೆಯವರೆಗೆ ಅದನ್ನು ಪೂರ್ತಿ ಓದಿ ಮುಗಿಸಿದ್ದು 2023ರಲ್ಲಷ್ಟೇ.

ನಕಲಾಗುವಾಗ ಎಲ್ಲೋ ಒಂದು ಅಕ್ಷರ ತಪ್ಪಿ ಬೀಳುತ್ತದೆ. ಓಲೆಗರಿಯಿಂದ ಓಲೆಗರಿಗೆ ಕಾವ್ಯ ನಕಲು ಮಾಡುವಾಗ ಲಿಪಿಕಾರ ಮಾಡಿದ ತಪ್ಪು ಮುಂದಿನ ಎಲ್ಲ ಪ್ರತಿಗಳಲ್ಲೂ ಉಳಿಯುತ್ತದಲ್ಲ, ಹಾಗೆ. ಯಾವ ಪ್ರತಿ ಯಾವ ಪ್ರತಿಯಿಂದ ಬಂತು ಎಂದು ಸಂಪಾದಕರು ಆ ತಪ್ಪುಗಳನ್ನೇ ಹಿಡಿದು ಕಂಡುಹಿಡಿಯುತ್ತಾರೆ. ವೈ ಓದುವವರೂ ಅದನ್ನೇ ಮಾಡುತ್ತಾರೆ. ಒಂದೇ ತಪ್ಪನ್ನು ಹೊತ್ತ ಗಂಡಸರೆಲ್ಲ ಒಬ್ಬನೇ ಪೂರ್ವಜನ ಸಂತಾನ. ಆ ಗುಂಪಿಗೆ ಹ್ಯಾಪ್ಲೊಗ್ರೂಪ್ ಎಂಬ ಹೆಸರು. ದೊಡ್ಡ ಕೊಂಬೆಗಳಿಗೆ ಆರ್, ಐ, ಎನ್, ಎಚ್ ಎಂಬ ಅಕ್ಷರಗಳು. ಕೆಳಗಿನ ಕವಲುಗಳಿಗೆ ಎಂ458, ಝಡ್280 ಎಂಬಂಥ ಗುರುತಿನ ಸಂಖ್ಯೆಗಳು.

ಇಲ್ಲೇ ಒಂದು ಲೆಕ್ಕ ಮಾಡೋಣ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ನಿಮ್ಮ ವಂಶವೃಕ್ಷದಲ್ಲಿ ಆ ಮಟ್ಟದಲ್ಲಿ 1,024 ಸ್ಥಾನಗಳಿರುತ್ತವೆ. ವೈ ಬಂದಿರುವುದು ಅವುಗಳಲ್ಲಿ ಒಂದರಿಂದ ಮಾತ್ರ. ಸ್ಲಾವ್ ವಲಸೆ ನಡೆದದ್ದು ಇನ್ನೂ ಹಿಂದೆ, ಸುಮಾರು ಐವತ್ತು ತಲೆಮಾರುಗಳ ಹಿಂದೆ. ಅಷ್ಟು ದೂರದಲ್ಲಿ ಆ ಒಂದು ಎಳೆ ನಿಮ್ಮ ಒಟ್ಟು ಪೂರ್ವಜರ ಬಗ್ಗೆ ಹೇಳುವುದು ತೀರಾ ಕಡಿಮೆ. ಆದರೆ ಆ ಎಳೆಯ ಬಗ್ಗೆ ಮಾತ್ರ ಅದು ಹೇಳುವಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ಹೇಳುವುದಿಲ್ಲ. ಒಬ್ಬನ ಮಟ್ಟದಲ್ಲಿ ತೀರಾ ಚಿಕ್ಕದಾದ ಈ ಸಾಕ್ಷಿ ಸಾವಿರಾರು ಜನರದ್ದು ಒಟ್ಟಿಗೆ ಸೇರಿದಾಗ ಇತಿಹಾಸ ಹೇಳತೊಡಗುತ್ತದೆ.

ಆರ್1ಎ ಒಳಗೆ ಎಷ್ಟು ಮನೆಗಳು

ಪೋಲೆಂಡಿನ ಗಂಡಸರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಆರ್1ಎ. ಪೂರ್ವ ಜರ್ಮನಿಯ ಲುಸೇಷಿಯಾದಲ್ಲಿ ಇವತ್ತಿಗೂ ಸ್ಲಾವಿಕ್ ಮಾತಾಡುವ ಪುಟ್ಟ ಸೋರ್ಬ್ ಸಮುದಾಯದಲ್ಲಿ ಇನ್ನೂ ಜಾಸ್ತಿ. ರಷ್ಯಾ, ಉಕ್ರೇನ್, ಬೆಲಾರಸ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು. ಇದನ್ನು ನೋಡಿಯೇ ‘ಸ್ಲಾವ್ ಜೀನ್’ ಎಂಬ ಮಾತು ಹುಟ್ಟಿದ್ದು. ಆದರೆ ಆರ್1ಎಯ ಇವತ್ತಿನ ಬಹುಪಾಲು ಜನರನ್ನು ಸೇರಿಸುವ ಎಂ417 ಎಂಬ ಕವಲು ಐದು ಸಾವಿರ ವರ್ಷಕ್ಕಿಂತ ಹಳೆಯದು. ಆಗ ಸ್ಲಾವ್ ಎಂಬ ಜನವೇ ಇರಲಿಲ್ಲ. ಅಷ್ಟು ಹಳೆಯ ಕವಲಿಗೆ ನಿನ್ನೆ ಮೊನ್ನೆಯ ಜನಾಂಗದ ಹೆಸರಿಡುವುದು ಹೇಗೆ ಸರಿಯಾಗುತ್ತದೆ?

ಎಂ417ರಿಂದ ಎರಡು ಮುಖ್ಯ ಕವಲು ಒಡೆದವು. ಝಡ್282 ಯುರೋಪಿನಲ್ಲಿ ಬೆಳೆಯಿತು. ಝಡ್93 ಏಷ್ಯಾದ ಕಡೆ ಹೋಯಿತು. ಝಡ್282ರ ಒಳಗೆ ಮತ್ತೆ ಝಡ್284 ಎಂಬುದಿದೆ, ಅದು ಸ್ಕ್ಯಾಂಡಿನೇವಿಯಾದ್ದು. ಅಂದರೆ ನಾರ್ವೆಯ ಆರ್1ಎ ಗಂಡಸಿಗೂ ಸ್ಲಾವ್ ವಲಸೆಗೂ ಏನೂ ಸಂಬಂಧ ಇಲ್ಲದಿರಬಹುದು. ಉಳಿದ ಎರಡು, ಎಂ458 ಮತ್ತು ಝಡ್280, ಪೂರ್ವ ಯುರೋಪಿನವು. ಅವುಗಳ ಒಳಗೂ ಎಲ್ಲ ಕವಲು ಸ್ಲಾವ್ ಅಲ್ಲ. ಝಡ್280ರ ಝಡ್92 ಎಂಬ ಉಪಕವಲು ಬಾಲ್ಟಿಕ್ ಜನರಲ್ಲೂ ಚೆನ್ನಾಗಿ ಕಾಣುತ್ತದೆ.

ಎಂ458ರ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಈ ಗುರುತನ್ನು ಪೀಟರ್ ಅಂಡರ್‌ಹಿಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದರು. ಅದರ ವಯಸ್ಸು ಸುಮಾರು 7,900 ವರ್ಷ ಎಂದು ಅವರ ಲೆಕ್ಕ. ಹಾಗಿದ್ದರೆ ಇದು ಯುರೋಪಿಗೆ ಬೇಸಾಯ ಬಂದ ಕಾಲದ್ದು, ಪೋಲೆಂಡಿನವರು ಅಲ್ಲೇ ಹುಟ್ಟಿ ಅಲ್ಲೇ ಬೆಳೆದವರು ಎಂದು ಹೇಳಲು ಅನುಕೂಲವಾಯಿತು. ಹಲವರು ಹೇಳಿಯೂ ಹೇಳಿದರು. ಆದರೆ ಆ ಲೆಕ್ಕ ನಿಂತದ್ದು, ಡಿಎನ್‌ಎಯಲ್ಲಿ ಮತ್ತೆ ಮತ್ತೆ ಬರುವ ಸಣ್ಣ ತುಣುಕುಗಳು ಎಷ್ಟು ವೇಗವಾಗಿ ಬದಲಾಗುತ್ತವೆ ಎಂಬ ಅಂದಾಜಿನ ಮೇಲೆ. ಆಗ ಬಳಕೆಯಲ್ಲಿದ್ದ ಒಂದು ವೇಗ, ಅಪ್ಪ-ಮಗನ ಜೋಡಿಗಳಲ್ಲಿ ನೇರವಾಗಿ ಅಳೆದ ವೇಗಕ್ಕಿಂತ ಸುಮಾರು ಮೂರು ಪಟ್ಟು ನಿಧಾನ. ವೇಗ ಕಡಿಮೆ ಹಿಡಿದರೆ ವಯಸ್ಸು ಹಿಗ್ಗುತ್ತದೆ. ಮುಂದೆ ಇಡೀ ವೈ ಓದುವುದು ಸಾಧ್ಯವಾದಾಗ ಎಂ458ರ ವಯಸ್ಸು ಐದು ಸಾವಿರದ ಆಸುಪಾಸಿಗೆ ಇಳಿಯಿತು. ಅದಕ್ಕಿಂತ ಮುಖ್ಯವಾದದ್ದು ಅದರ ಕೆಳಗಿನ ಕವಲುಗಳು. ಪೋಲೆಂಡ್, ಚೆಕ್ ಕಡೆ ದಟ್ಟವಾಗಿರುವ ಎಲ್260 ಮತ್ತು ಇನ್ನೂ ಅಗಲವಾಗಿ ಹರಡಿದ ಎಲ್1029, ಇವೆರಡೂ ಕವಲೊಡೆಯಲು ಶುರುವಾದದ್ದು ಸುಮಾರು ಎರಡು ಸಾವಿರ ವರ್ಷಗಳ ಹಿಂದೆ.

ಇದೇ ನಾವು ನೋಡಬೇಕಾದ ಗುರುತು. ಒಬ್ಬನೇ ಗಂಡಸಿನ ಸಂತಾನ ಕೆಲವೇ ಶತಮಾನಗಳಲ್ಲಿ ಹತ್ತಾರು ಕವಲಾಗಿ ಒಡೆದು, ಜರ್ಮನಿಯಿಂದ ಗ್ರೀಸ್‌ವರೆಗೆ ಹಬ್ಬಿದೆ. ಜನ ವೇಗವಾಗಿ ಹೆಚ್ಚುತ್ತಾ, ಹೊಸ ನೆಲಕ್ಕೆ ಹೋಗುತ್ತಿದ್ದಾಗ ಮರ ಈ ಆಕಾರಕ್ಕೆ ಬರುತ್ತದೆ. ವಲಸೆಯ ಸುಳಿವು ಆರ್1ಎ ಎಂಬ ಅಕ್ಷರದಲ್ಲಿಲ್ಲ. ತುದಿಯ ಕವಲು ಯಾವಾಗ ಒಡೆಯಿತು ಎಂಬುದರಲ್ಲಿದೆ.

ಬಾಲ್ಕನ್ನಿನ ಐ2ಎ: ‘ಮೂಲನಿವಾಸಿ’ ವಲಸಿಗನಾದ ಬಗೆ

ಬೋಸ್ನಿಯಾ ಮತ್ತು ಹರ್ಜೆಗೊವಿನಾದ ಕ್ರೊಯೇಷಿಯನ್ ಗಂಡಸರಲ್ಲಿ ಶೇ 71 ಮಂದಿ ಐ2ಎ ಕೊಂಬೆಯವರು ಎಂದು 2005ರ ಒಂದು ಅಧ್ಯಯನ ಕಂಡಿತು. ಐ ಎಂಬುದು ಯುರೋಪಿನ ಹಳೇ ಬೇಟೆಗಾರರ ಕೊಂಬೆ. ಹಾಗಾಗಿ 2000ದ ದಶಕದ ಆರಂಭದಲ್ಲಿ ಬಂದ ವಿವರಣೆ ಸರಳವಾಗಿತ್ತು. ಹಿಮಯುಗದಲ್ಲಿ ಬಾಲ್ಕನ್ನಿನಲ್ಲಿ ಆಶ್ರಯ ಪಡೆದವರ ನೇರ ಸಂತಾನ ಇವರು, ಸ್ಲಾವ್ ಭಾಷೆ ಆಮೇಲೆ ಬಂತು, ರಕ್ತ ಮಾತ್ರ ಹಳೆಯದು ಎಂದು. ಯುಗೊಸ್ಲಾವಿಯಾ ಒಡೆದು, ಯುದ್ಧ ನಡೆದು, ಹೊಸ ದೇಶಗಳು ತಮ್ಮ ಬೇರು ಹುಡುಕುತ್ತಿದ್ದ ಕಾಲ ಅದು. ಈ ವಿವರಣೆ ಎಷ್ಟು ಜನರಿಗೆ ಹಿತವಾಗಿ ಕೇಳಿಸಿರಬೇಕು ಎಂದು ಊಹಿಸಬಹುದು.

ವೈ ಮರವನ್ನು ಹತ್ತಿರದಿಂದ ಓದಿದಾಗ ಚಿತ್ರ ಮಗುಚಿಬಿತ್ತು. ಬಾಲ್ಕನ್ನಿನ ಐ2ಎ ಬಹುಪಾಲು ವೈ3120 ಎಂಬ ಒಂದೇ ತುದಿಕವಲಿಗೆ ಸೇರುತ್ತದೆ. ಅದರ ಸಾಮಾನ್ಯ ಪೂರ್ವಜ ಬದುಕಿದ್ದು ಎರಡು ಸಾವಿರ ವರ್ಷಕ್ಕಿಂತ ಸ್ವಲ್ಪ ಹಿಂದೆ ಅಷ್ಟೇ. ಕೊಂಬೆ ಹಳೆಯದು ನಿಜ. ಆದರೆ ಇಲ್ಲಿ ದಟ್ಟವಾಗಿ ಹಬ್ಬಿದ ತುದಿ ಹೊಸದು. ಹಿಮಯುಗದಿಂದ ಅಲ್ಲೇ ಇದ್ದವರಾಗಿದ್ದರೆ ಅವರಲ್ಲಿ ಎಷ್ಟೋ ಹಳೆಯ ಕವಲುಗಳ ವೈವಿಧ್ಯ ಕಾಣಬೇಕಿತ್ತು, ಅಲ್ವಾ?

ಸಮಾಧಿಗಳೂ ಇದನ್ನೇ ಹೇಳಿದವು. 2023ರ ಡಿಸೆಂಬರ್‌ನಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಬಂದ ಅಧ್ಯಯನ, ಮೊದಲ ಸಹಸ್ರಮಾನದಲ್ಲಿ ಬಾಲ್ಕನ್ನಿನಲ್ಲಿ ಬದುಕಿದ್ದ 136 ಜನರ ಡಿಎನ್‌ಎ ಓದಿತು. ಕಬ್ಬಿಣಯುಗದ ಹೊತ್ತಿಗೆ ಅಲ್ಲಿದ್ದ ಅಪ್ಪನ ಕಡೆಯ ಕವಲುಗಳೇ ಬೇರೆ: ಇ-ವಿ13, ಜೆ2ಬಿ-ಎಲ್283, ಆರ್1ಬಿ-ಝಡ್2103. ರೋಮನ್ನರ ಕಾಲದಲ್ಲಿ ಡ್ಯಾನ್ಯೂಬ್ ದಂಡೆಯ ವಿಮಿನಾಸಿಯಮ್‌ನಂಥ ಪಟ್ಟಣಗಳಿಗೆ ಅನಾಟೋಲಿಯಾದಿಂದ (ಇಂದಿನ ಟರ್ಕಿ) ಜನ ಬಂದು ಸೇರಿದ್ದರು. ಅಂದರೆ ಸ್ಲಾವ್‌ಗಳು ಬರುವ ಹೊತ್ತಿಗೆ ‘ಸ್ಥಳೀಯರು’ ಅನ್ನಿಸಿಕೊಂಡವರೇ ಆಗಲೇ ಬೆರೆತಿದ್ದರು. ಆಮೇಲೆ ಸ್ಲಾವ್ ಕಾಲದ ಸಮಾಧಿಗಳಲ್ಲಿ ಐ2ಎ-ಎಲ್621, ಆರ್1ಎ-ಝಡ್282 ಜೊತೆಯಾಗಿ ಬರುತ್ತವೆ. ವೈ3120 ಕವಲು ಇದೇ ಎಲ್621ರ ಕೆಳಗಿನದು. ಇಂದಿನ ಬಾಲ್ಕನ್ ಜನರ ವಂಶವಾಹಿಯಲ್ಲಿ ಶೇ 30ರಿಂದ 60ರಷ್ಟು ಈ ವಲಸೆಯಿಂದ ಬಂದದ್ದು ಎಂದು ಆ ತಂಡದ ಅಂದಾಜು. ಉಳಿದದ್ದು ಅಲ್ಲಿನ ಹಳಬರದ್ದು. ಇಬ್ಬರೂ ಇವತ್ತಿನ ಸರ್ಬರ, ಕ್ರೊಯೇಟರ ಪೂರ್ವಜರೇ. ‘ನಾವು ಬಂದವರಾ, ಇದ್ದವರಾ’ ಎಂಬ ಜಗಳಕ್ಕೆ ಇಲ್ಲಿ ಜಾಗವೇ ಇಲ್ಲ.

ಮಡಕೆಯ ಮೇಲೆ ನಡೆದ ಯುದ್ಧ

ಡಿಎನ್‌ಎ ಬರುವ ಮುಂಚೆ ಈ ವಾದವೆಲ್ಲ ನಡೆದದ್ದು ಮಡಕೆ ಚೂರುಗಳ ಮೇಲೆ. ಕೈಯಲ್ಲೇ ತಟ್ಟಿ ಮಾಡಿದ, ಚಿತ್ತಾರವಿಲ್ಲದ ಸಾದಾ ಮಡಕೆ. ನೆಲಕ್ಕಿಂತ ತಗ್ಗಾಗಿ ಅಗೆದು ಕಟ್ಟಿದ ಚೌಕ ಮನೆ, ಮೂಲೆಯಲ್ಲೊಂದು ಕಲ್ಲಿನ ಒಲೆ. ಆರನೇ ಶತಮಾನದ ಸ್ಲಾವ್ ಊರುಗಳ ಗುರುತು ಇವು.

ಇಷ್ಟು ಸಾದಾ ವಸ್ತುಗಳ ಸುತ್ತ ಎಷ್ಟು ವಿಷ ತುಂಬಿಕೊಂಡಿತ್ತು ನೋಡಿ. ಜರ್ಮನಿಯ ಪುರಾತತ್ವ ವಿದ್ವಾಂಸ ಗುಸ್ತಾವ್ ಕೊಸಿನ್ನಾ, ಒಂದು ಬಗೆಯ ಮಡಕೆ ಅಂದರೆ ಒಂದು ಜನಾಂಗ ಎಂದು ಹೇಳಿಕೊಟ್ಟ. ಅವನ ಮಾತನ್ನು ನಾಜಿಗಳು ಪೂರ್ವದ ನೆಲ ಕಬಳಿಸಲು ನೆಪ ಮಾಡಿಕೊಂಡರು. ಅವನದೇ ಶಿಷ್ಯ, ಪೋಲೆಂಡಿನ ಯೂಝೆಫ್ ಕೊಸ್ಟ್ಷೆವ್ಸ್ಕಿ, ಅದೇ ವಿಧಾನವನ್ನು ತಿರುಗಿಸಿ ಹಿಡಿದ. ಬಿಸ್ಕುಪಿನ್ ಎಂಬಲ್ಲಿ ಕ್ರಿಸ್ತಪೂರ್ವ ಎಂಟನೇ ಶತಮಾನದ ಮರದ ಕೋಟೆಯನ್ನು 1934ರಿಂದ ಅಗೆದು, ಇದು ಆದಿ ಸ್ಲಾವ್‌ಗಳದ್ದೇ ಎಂದ. ಯುದ್ಧಕಾಲದಲ್ಲಿ ನಾಜಿಗಳು ಆ ಜಾಗ ವಶಪಡಿಸಿಕೊಂಡು, ಊರಿಗೆ ಜರ್ಮನ್ ಹೆಸರಿಟ್ಟು, ತಮ್ಮದೇ ಅಗೆತ ನಡೆಸಿದರು. ಯುದ್ಧ ಮುಗಿದು ಪೋಲೆಂಡಿನ ಗಡಿ ಪಶ್ಚಿಮಕ್ಕೆ ಸರಿದ ಮೇಲೆ ‘ನಾವು ಸದಾ ಇಲ್ಲೇ ಇದ್ದವರು’ ಎಂಬ ವಾದ ದೇಶದ ಅಗತ್ಯವೇ ಆಯಿತು. ಕಾಝಿಮಿಯೆಝ್ ಗೋಡ್ವೊವ್ಸ್ಕಿ ಎಂಬ ಪುರಾತತ್ವ ವಿದ್ವಾಂಸ ಮಾತ್ರ, ಐದನೇ ಶತಮಾನದಲ್ಲಿ ಪೋಲೆಂಡಿನ ಊರುಗಳು ಖಾಲಿಯಾದವು, ಸ್ಲಾವ್‌ಗಳು ಆಮೇಲೆ ಪೂರ್ವದಿಂದ ಬಂದರು ಎಂದು ಮಡಕೆಗಳನ್ನೇ ಇಟ್ಟುಕೊಂಡು ವಾದಿಸಿದ. ಇನ್ನೊಂದು ಕಡೆ ಇತಿಹಾಸಕಾರ ಫ್ಲೋರಿನ್ ಕುರ್ತಾ, 2001ರಲ್ಲಿ, ಸ್ಲಾವ್ ಎಂಬ ಗುರುತು ಹುಟ್ಟಿದ್ದೇ ಬೈಜಾಂಟಿಯಂ ಗಡಿಯ ಡ್ಯಾನ್ಯೂಬ್ ದಂಡೆಯಲ್ಲಿ, ದೊಡ್ಡ ವಲಸೆ ಎಂಬುದೇ ಬೇಕಿಲ್ಲ ಎಂದರು.

2025ರ ಫಲಿತಾಂಶ ಗೋಡ್ವೊವ್ಸ್ಕಿಯ ಕಡೆ ವಾಲುತ್ತದೆ. ಪೋಲೆಂಡಿನಲ್ಲಿ ಮುಂಚೆ ಇದ್ದ, ಸ್ಕ್ಯಾಂಡಿನೇವಿಯಾದ ಕಡೆ ನಂಟಿದ್ದ ಜನ ಹೆಚ್ಚುಕಡಿಮೆ ಕಾಣೆಯಾಗಿ, ಆರು-ಏಳನೇ ಶತಮಾನದಿಂದ ಹೊಸಬರು ಬರುತ್ತಾರೆ. ಈ ಹೊಸಬರ ಮೂಲ ದಕ್ಷಿಣ ಬೆಲಾರಸ್ ಮತ್ತು ಉತ್ತರ ಉಕ್ರೇನ್ ನಡುವಿನ ಪ್ರದೇಶದ ಕಡೆ ಬೊಟ್ಟು ಮಾಡುತ್ತದೆ. 2007ರಲ್ಲೇ ಒಂದು ವೈ ಅಧ್ಯಯನ ಬರೀ ಇವತ್ತಿನ ಜನರ ಮಾದರಿ ಇಟ್ಟುಕೊಂಡು, ಸ್ಲಾವ್ ಮೂಲ ಮಧ್ಯ ನೀಪರ್ ನದಿ ಬಯಲು ಎಂದಿತ್ತು. ಜಾಗ ಹೆಚ್ಚುಕಡಿಮೆ ಅಲ್ಲೇ. ವೈ ಓದುಗರ ಆ ಹಳೇ ಊಹೆಗೆ ಈಗ ಸಮಾಧಿಗಳ ಬೆಂಬಲ ಸಿಕ್ಕಿದೆ.

ಆದರೆ ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಬೇರೆ ವಿಷಯ. ಬಂದವರು ಬರೀ ಗಂಡಸರ ಪಡೆ ಅಲ್ಲ. ಹೆಂಗಸರೂ ಅಷ್ಟೇ ಸಂಖ್ಯೆಯಲ್ಲಿ ಬಂದರು. ಸಂಸಾರ ಸಮೇತ ನಡೆದ ವಲಸೆ ಇದು. ವೈ ಒಂದನ್ನೇ ನೋಡಿದ್ದರೆ ಇದು ಎಂದೂ ಗೊತ್ತಾಗುತ್ತಿರಲಿಲ್ಲ. ಗಂಡಸರ ಎಳೆ ಬದಲಾದದ್ದು ಕಂಡ ಕೂಡಲೇ ‘ದಂಡೆತ್ತಿ ಬಂದರು, ಗೆದ್ದರು, ಅಲ್ಲಿನ ಹೆಣ್ಣುಗಳನ್ನು ಕಟ್ಟಿಕೊಂಡರು’ ಎಂದು ಬರೆದುಬಿಡುವುದು ಸುಲಭ. ಬಂದ ಮೇಲೂ ಎಲ್ಲೆಡೆ ಒಂದೇ ರೀತಿ ಆಗಲಿಲ್ಲ. ಪೂರ್ವ ಜರ್ಮನಿಯಲ್ಲಿ ಮುಂಚಿನ ಚಿಕ್ಕ ಸಂಸಾರಗಳ ಜಾಗಕ್ಕೆ, ಅಪ್ಪನ ಕಡೆಯಿಂದ ಬೆಳೆದ, ಹಲವು ತಲೆಮಾರಿನ ದೊಡ್ಡ ಮನೆತನಗಳು ಬಂದವು. ಕ್ರೊಯೇಷಿಯಾದಲ್ಲಿ ಹಳೇ ಬದುಕಿನ ರೀತಿ ಅಷ್ಟೇನೂ ಕದಲಲಿಲ್ಲ. ವಂಶವಾಹಿ ಒಂದೇ ಪ್ರಮಾಣದಲ್ಲಿ ಬದಲಾದರೂ ಸಮಾಜ ಬೇರೆ ಬೇರೆ ದಾರಿ ಹಿಡಿಯಬಹುದು ಎನ್ನುವುದಕ್ಕೆ ಇದು ಒಳ್ಳೆಯ ಉದಾಹರಣೆ.

ಭಾಷೆ ಒಂದು, ಅಪ್ಪಂದಿರು ಹಲವರು

ಬಲ್ಗೇರಿಯಾದವರು ಸ್ಲಾವಿಕ್ ಭಾಷೆ ಆಡುತ್ತಾರೆ, ದೇಶದ ಹೆಸರು ಮಾತ್ರ ಯುರೇಷಿಯಾದ ಹುಲ್ಲುಗಾವಲಿನಿಂದ ಬಂದ ಬಲ್ಗರ್ ಎಂಬ ತುರ್ಕಿಕ್ ಗುಂಪಿನದು. ಅವರಲ್ಲಿ ಆರ್1ಎ ಐದನೇ ಒಂದು ಪಾಲಿಗಿಂತ ಕಡಿಮೆ. ಉತ್ತರ ರಷ್ಯಾದ ಹಳ್ಳಿಗಳಲ್ಲಿ ಎನ್ ಎಂಬ ಕೊಂಬೆ ತುಂಬಾ ಇದೆ. ಅದು ಫಿನ್ನಿಶ್ ಭಾಷೆಗಳ ನೆಂಟಸ್ತನದ ಮಾತಾಡುತ್ತಿದ್ದ ಜನರದ್ದು, ಅವರು ಕಾಲಕ್ರಮದಲ್ಲಿ ರಷ್ಯನ್ನರೇ ಆದರು. ಹಂಗೇರಿಯಲ್ಲಿ ಆರ್1ಎ ಸಾಕಷ್ಟಿದೆ, ಭಾಷೆ ಮಾತ್ರ ಸ್ಲಾವಿಕ್ ಅಲ್ಲವೇ ಅಲ್ಲ.

ರಷ್ಯಾದ ಮೊದಲ ರಾಜವಂಶದ ಕಥೆ ಇನ್ನೂ ಸ್ವಾರಸ್ಯದ್ದು. ರೂರಿಕ್ ಎಂಬುವನಿಂದ ಶುರುವಾದ ಈ ಮನೆತನ ಕೀವ್‌ನಲ್ಲೂ ಆಮೇಲೆ ಮಾಸ್ಕೋದಲ್ಲೂ ಆಳಿತು. ತಾವು ಅವನ ಗಂಡು ಸಂತಾನ ಎಂದು ವಂಶಾವಳಿ ಇಟ್ಟುಕೊಂಡ ಕುಲೀನ ಮನೆತನಗಳ ಗಂಡಸರನ್ನು ಪರೀಕ್ಷಿಸಿದಾಗ ಕೆಲವರು ಎನ್ ಕೊಂಬೆಯವರು, ಕೆಲವರು ಆರ್1ಎ. ಎರಡೂ ಸರಿ ಇರಲು ಸಾಧ್ಯವಿಲ್ಲ. 2023ರಲ್ಲಿ ರಷ್ಯಾದ ವಿಜ್ಞಾನಿಗಳು, 1294ರಲ್ಲಿ ತೀರಿಕೊಂಡ ರಾಜಕುಮಾರ ದ್ಮಿತ್ರಿ ಅಲೆಕ್ಸಾಂಡ್ರೊವಿಚ್‌ನ ಮೂಳೆ ಓದಿದರು. ಇದೇ ರೂರಿಕ್ ಮನೆತನದ ಹೆಸರಾಂತ ರಾಜ ಅಲೆಕ್ಸಾಂಡರ್ ನೆವ್ಸ್ಕಿಯ ಮಗ ಅವನು. ಫಲಿತಾಂಶ ಎನ್1ಎ. ಸ್ಲಾವ್ ನಾಡನ್ನು ಆಳಿದ ಮನೆತನದ ಅಪ್ಪನ ಎಳೆ ಉತ್ತರದ ಎನ್ ಕೊಂಬೆಯದ್ದು.

ಹಾಗಾದರೆ ಆರ್1ಎ ಬಂದ ರಾಜಮನೆತನದವರು ಸುಳ್ಳು ಹೇಳಿದರಾ? ಹಾಗೆ ಹೇಳುವುದು ಅನ್ಯಾಯ. ಎಲ್ಲೋ ಒಂದು ತಲೆಮಾರಿನಲ್ಲಿ ಕಾಗದದ ಅಪ್ಪ, ರಕ್ತದ ಅಪ್ಪ ಬೇರೆಯಾಗಿರಬಹುದು. ದತ್ತು ಇರಬಹುದು, ಮೊದಲ ಮದುವೆಯ ಮಗು ಇರಬಹುದು. ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ ಹಳೇ ವಂಶಾವಳಿಗಳನ್ನು ವೈ ಜೊತೆ ಹೋಲಿಸಿದಾಗ ಇಂಥ ವ್ಯತ್ಯಾಸ ತಲೆಮಾರಿಗೆ ಸುಮಾರು ಶೇ 1 ಎಂದು ಕಂಡಿತು. ಕಡಿಮೆಯೇ. ಆದರೂ ಐವತ್ತು ತಲೆಮಾರಿಗೆ ಲೆಕ್ಕ ಹಾಕಿದರೆ, ಎಳೆ ಎಲ್ಲಾದರೂ ಒಂದು ಕಡೆ ಬದಲಾಗಿರುವ ಸಾಧ್ಯತೆ ಮೂರರಲ್ಲಿ ಒಂದಕ್ಕಿಂತ ಜಾಸ್ತಿ. ಮನೆತನದ ಹೆಸರಿನ ಮೇಲೆ ಹೆಮ್ಮೆ ಪಡುವ ಯಾರೂ ಈ ಲೆಕ್ಕ ಮರೆಯಬಾರದು.

ತುದಿಕವಲು ನೋಡದೆ ಮಾತಾಡಿದರೆ ಏನಾಗುತ್ತದೆ ಎಂಬುದಕ್ಕೆ ನನ್ನ ಮಟ್ಟಿಗೆ ಅತ್ಯುತ್ತಮ ಉದಾಹರಣೆ ಅಶ್ಕೆನಾಜಿ ಯಹೂದಿಗಳ ಲೇವಿ ಮನೆತನಗಳು. ಲೇವಿ ಎಂಬ ಸ್ಥಾನ ಅಪ್ಪನಿಂದ ಮಗನಿಗೆ ಬರುವಂಥದ್ದು, ಪುರಾತನ ದೇವಾಲಯದ ಸೇವೆಗೆ ಸೇರಿದ್ದು. 2003ರಲ್ಲಿ ಪರೀಕ್ಷೆ ಮಾಡಿದಾಗ ಅವರಲ್ಲಿ ಅರ್ಧದಷ್ಟು ಜನ ಆರ್1ಎ ಎಂದು ಬಂತು. ಪೂರ್ವ ಯುರೋಪಿನಲ್ಲಿ ಬಾಳಿದ ಜನ, ಆರ್1ಎ ಎಂದರೆ ಪೂರ್ವ ಯುರೋಪು. ಹಾಗಾಗಿ ಯಾರೋ ಒಬ್ಬ ಸ್ಲಾವ್ ಅಥವಾ ಖಝರ್ (ಹುಲ್ಲುಗಾವಲಿನ ಒಂದು ತುರ್ಕಿಕ್ ಜನ) ಗಂಡಸು ಮತಾಂತರವಾಗಿ ಈ ಸ್ಥಾನ ಪಡೆದಿರಬೇಕು ಎಂಬ ಊಹೆ ಬಂತು. ಒಂದು ಸಮುದಾಯ ಸಾವಿರಾರು ವರ್ಷದಿಂದ ನಂಬಿಕೊಂಡು ಬಂದದ್ದಕ್ಕೆ ಇದು ಸಣ್ಣ ಪೆಟ್ಟಲ್ಲ. ಹತ್ತು ವರ್ಷ ಕಳೆದ ಮೇಲೆ, 2013ರಲ್ಲಿ, ಇಡೀ ವೈ ಓದಿ ನೋಡಿದರು. ಅವರ ಆರ್1ಎ ಸ್ಲಾವ್‌ಗಳ ಝಡ್282 ಕಡೆಯದ್ದೇ ಅಲ್ಲ. ಝಡ್93ರ ಕೆಳಗೆ ಬರುವ ಎಂ582 ಎಂಬ ಕವಲು, ಅದರ ನೆಂಟರು ಸಿಗುವುದು ಪಶ್ಚಿಮ ಏಷ್ಯಾದಲ್ಲಿ. ಅಕ್ಷರ ಅದೇ, ಕಥೆ ಪೂರ್ತಿ ಬೇರೆ.

ನಮ್ಮ ಕಡೆಯ ಆರ್1ಎ

ಈ ಝಡ್93 ಎಂಬುದೇ ಭಾರತದ ಆರ್1ಎ ಕೂಡ. ಕರ್ನಾಟಕದಲ್ಲಿ ಎಚ್, ಎಲ್ ಮುಂತಾದ ಕೊಂಬೆಗಳ ಜೊತೆ ಇದೂ ಇದೆ. ಅಮೆರಿಕದಲ್ಲಿರುವ ಕನ್ನಡಿಗರೊಬ್ಬರು ಟೆಸ್ಟ್ ಮಾಡಿಸಿ ಆರ್1ಎ ಬಂದರೆ, ಗೂಗಲ್ ಮಾಡಿದ ಕೂಡಲೇ ಪೋಲೆಂಡಿನ ಭೂಪಟ ಎದುರಾಗುತ್ತದೆ. ಅದನ್ನು ನೋಡಿ ಎರಡು ಬಗೆಯ ಕಥೆ ಹೇಳುವವರಿದ್ದಾರೆ. ಸ್ಲಾವ್‌ಗಳು ಭಾರತದಿಂದ ಹೋದವರು ಎನ್ನುವುದು ಒಂದು. ಸ್ಲಾವ್‌ಗಳೇ ನಿಜವಾದ ಆರ್ಯರು ಎನ್ನುವುದು ಇನ್ನೊಂದು. ಎರಡಕ್ಕೂ ಈ ಮರದಲ್ಲಿ ಆಧಾರವಿಲ್ಲ. ಝಡ್282, ಝಡ್93 ಎರಡೂ ಒಂದು ಕಾಲದಲ್ಲಿ ಬೇರೆಯಾದ ಅಣ್ಣತಮ್ಮಂದಿರ ಮನೆಗಳು. ಆ ಒಡಕು ಸ್ಲಾವ್ ವಲಸೆಗಿಂತ ಮೂರು ಸಾವಿರಕ್ಕೂ ಹೆಚ್ಚು ವರ್ಷ ಹಳೆಯದು.

ಒಂದು ಸಂಗತಿ ಮಾತ್ರ ಗಮನಕ್ಕೆ ತರಲೇಬೇಕು. 2021ರಲ್ಲಿ ಪ್ರಕಟವಾದ ಅಧ್ಯಯನವೊಂದು, ಇಂದಿನ ಪಶ್ಚಿಮ ರಷ್ಯಾದಲ್ಲಿ ಕ್ರಿಸ್ತಪೂರ್ವ ಮೂರನೇ ಸಹಸ್ರಮಾನದಲ್ಲಿದ್ದ ಫತ್ಯಾನೊವೊ ಸಂಸ್ಕೃತಿಯ ಗಂಡಸರನ್ನು ಪರೀಕ್ಷಿಸಿತು. ಕವಲು ಸ್ಪಷ್ಟವಾಗಿ ತಿಳಿದವರು ಝಡ್93. ಅಂದರೆ ಇವತ್ತು ಮಾಸ್ಕೋ ಇರುವ ಕಡೆ ಆಗ ಬಾಳಿದವರು, ಇಂದಿನ ರಷ್ಯನ್ನರ ಮುಖ್ಯ ಆರ್1ಎ ಕವಲಿನವರಲ್ಲ, ನಮ್ಮ ಕಡೆಯ ಕವಲಿಗೆ ಹತ್ತಿರದವರು. ಯುರೇಷಿಯಾದ ಹುಲ್ಲುಗಾವಲಿನ ಜನರ ವಂಶವಾಹಿ ದಕ್ಷಿಣ ಏಷ್ಯಾಕ್ಕೆ ಬಂದದ್ದು ಕ್ರಿಸ್ತಪೂರ್ವ 2000ದಿಂದ 1500ರ ನಡುವೆ ಎಂದು 2019ರ ‘ಸೈನ್ಸ್’ ಪತ್ರಿಕೆಯ ದೊಡ್ಡ ಅಧ್ಯಯನ ಹೇಳುತ್ತದೆ. ಒಂದೇ ನೆಲದ ಮೇಲೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಜನ ಬಾಳಿದ್ದಾರೆ. ಇವತ್ತಿನ ಭೂಪಟ ಹಿಡಿದು ನಾಲ್ಕು ಸಾವಿರ ವರ್ಷ ಹಿಂದಕ್ಕೆ ಹೋಗಲು ಆಗುವುದಿಲ್ಲ.

ಟೆಸ್ಟ್ ಮಾಡಿಸುವುದಾದರೆ ‘ಆರ್1ಎ’ ಅಷ್ಟೇ ಹೇಳುವ ಅಗ್ಗದ ರಿಪೋರ್ಟ್‌ನಿಂದ ಸ್ಲಾವ್ ವಲಸೆಯ ಬಗ್ಗೆ ಏನೂ ಸಿಗುವುದಿಲ್ಲ. ಇಡೀ ವೈ ಓದುವ ಪರೀಕ್ಷೆ ಬೇಕು, ಅದು ದುಬಾರಿ. ಇನ್ನೊಂದು ಎಚ್ಚರಿಕೆ. 2023ರಲ್ಲಿ ಡಿಎನ್‌ಎ ಟೆಸ್ಟ್ ಮಾಡುವ 23ಆಂಡ್‌ಮಿ ಕಂಪನಿಯಿಂದ ಸುಮಾರು 69 ಲಕ್ಷ ಗ್ರಾಹಕರ ಮಾಹಿತಿ ಸೋರಿತು. 2025ರ ಮಾರ್ಚ್‌ನಲ್ಲಿ ಅದು ದಿವಾಳಿ ಅರ್ಜಿ ಹಾಕಿತು, ಆಮೇಲೆ ಮಾರಾಟವೂ ಆಯಿತು. ನಿಮ್ಮ ವೈ ನಿಮ್ಮೊಬ್ಬರದ್ದಲ್ಲ. ಅಣ್ಣತಮ್ಮ, ದೊಡ್ಡಪ್ಪ, ಚಿಕ್ಕಪ್ಪ, ಅವರ ಗಂಡುಮಕ್ಕಳೆಲ್ಲರದ್ದೂ ಅದೇ.

ತವರು ಯಾರದ್ದು?

ಉತ್ತರ ಉಕ್ರೇನ್, ದಕ್ಷಿಣ ಬೆಲಾರಸ್ ಎಂಬ ಹೆಸರು ಕೇಳಿದ ಕೂಡಲೇ ಇವತ್ತಿನ ಯುದ್ಧ ನೆನಪಾಗುತ್ತದೆ. 2021ರ ಜುಲೈನಲ್ಲಿ ಪುಟಿನ್, ರಷ್ಯನ್ನರೂ ಉಕ್ರೇನಿಯನ್ನರೂ ಒಂದೇ ಜನ ಎಂದು ಉದ್ದ ಲೇಖನ ಬರೆದರು. ಮುಂದಿನ ಫೆಬ್ರವರಿಯಲ್ಲಿ ಸೈನ್ಯ ಹೊರಟಿತು, ಒಂದು ದಂಡು ಬೆಲಾರಸ್‌ನಿಂದ ಇಳಿದು ಇದೇ ನೆಲದ ಮೇಲೆ ಕೀವ್ ಕಡೆ ಸಾಗಿತು. ಎರಡೂ ದೇಶದ ಗಂಡಸರ ವೈ ಹೋಲುತ್ತದೆ ಎಂಬುದು ನಿಜ. ಪೋಲೆಂಡಿನವರದ್ದೂ ಹೋಲುತ್ತದೆ. ಆರನೇ ಶತಮಾನದ ಆ ರೈತ ಕುಟುಂಬಗಳು ರಷ್ಯನ್ನರೂ ಅಲ್ಲ, ಉಕ್ರೇನಿಯನ್ನರೂ ಅಲ್ಲ. ಅವರ ಮೂಳೆ ತೋರಿಸಿ ಇವತ್ತಿನ ಗಡಿ ಅಳಿಸಲು ಹೊರಡುವುದು ಕೊಸಿನ್ನಾ ಮಡಕೆ ಹಿಡಿದು ಮಾಡಿದ ಕೆಲಸವೇ. ಒಂದು ದೇಶ ಯಾರೊಂದಿಗೆ ಇರಬೇಕು ಎಂಬುದನ್ನು ಅಲ್ಲಿ ಈಗ ಬಾಳುವವರು ತೀರ್ಮಾನಿಸಬೇಕು, ಎಂ458 ಅಲ್ಲ.

ವಿಜ್ಞಾನದ ಕಡೆಯಿಂದ ನೋಡಿದರೆ ಆ ತವರಿನ ಬಗ್ಗೆ ಇನ್ನೂ ಒಂದು ದೊಡ್ಡ ಕೊರತೆ ಇದೆ. ಆದಿ ಸ್ಲಾವ್‌ಗಳು ಸತ್ತವರನ್ನು ಸುಡುತ್ತಿದ್ದರು. ಅವರಿಗಿಂತ ಹಿಂದೆ ಅದೇ ಪ್ರದೇಶದಲ್ಲಿದ್ದ, ಅವರ ಪೂರ್ವಜರೆಂದು ಹಲವರು ಹೇಳುವ ಕೀವ್ ಸಂಸ್ಕೃತಿಯವರೂ ಸುಡುತ್ತಿದ್ದರು. ಬೆಂಕಿಯಲ್ಲಿ ಬೆಂದ ಮೂಳೆಯಲ್ಲಿ ಓದುವಂಥ ಡಿಎನ್‌ಎ ಉಳಿಯುವುದಿಲ್ಲ ಎಂದೇ ಹೇಳಬೇಕು. ಹಾಗಾಗಿ ನಮಗೆ ಸಿಗುವ ಮಾದರಿಗಳು ಹೆಚ್ಚಾಗಿ ಆಮೇಲಿನವು, ಹೂಳುವ ಪದ್ಧತಿ ಬಂದ ನಂತರದವು. ಅವುಗಳಿಂದ ಹಿಂದಕ್ಕೆ ಲೆಕ್ಕ ಹಾಕಿ ತವರಿನ ಜಾಗ ಊಹಿಸಲಾಗಿದೆ. ಸುಟ್ಟ ಮೂಳೆಯಲ್ಲಿ ಸ್ಟ್ರಾಂಷಿಯಂ ಎಂಬ ಧಾತುವಿನ ಗುರುತು ಮಾತ್ರ ಚೆನ್ನಾಗಿ ಉಳಿಯುತ್ತದೆ. ಸತ್ತವರು ಯಾವ ಬಗೆಯ ನೆಲದ ಬೆಳೆ ತಿಂದು, ನೀರು ಕುಡಿದು ಬಾಳಿದರು ಎಂದು ಅದು ಹೇಳಬಲ್ಲದು. ಅವರ ಅಪ್ಪ ಯಾವ ಕವಲಿನವನು ಎಂದು ಹೇಳುವುದಿಲ್ಲ. ವೈ3120, ಎಲ್1029ರ ಮೊದಲ ಗಂಡಸರು ಬದುಕಿದ್ದ ಶತಮಾನಗಳಿಂದ ನೇರ ಸಾಕ್ಷಿ ಬೇಕೆಂದರೆ, ಆ ಬಯಲಿನಲ್ಲಿ ಯಾವುದೋ ಕಾರಣಕ್ಕೆ ಸುಡದೆ ಹೂತ ದೇಹಗಳು ಸಿಗಬೇಕು. ಅಲ್ಲಿ ಈಗ ನೆಲ ಅಗೆಯುವುದು ಸುಲಭದ ಮಾತಲ್ಲ.